ಹೊಳೆದಂಡೆಯ ಊರಿಗೆ ಹಂಪಿಯ ಪಾಠ

ನಾನು ಈ ಶಾಲೆಯಲ್ಲಿ ಓದುವಾಗ ಕಾವೇರಿ ನಮಗೆ ಈಜು ಕಲಿಸಿದ ಹೊಳೆ, ಅಷ್ಟೇ. ಇಂದು ಕೊಣನೂರಿನ ತೂಗುಸೇತುವೆ ನೋಡಲು ಪರಊರಿನವರು ಬರುತ್ತಾರೆ. ಪಕ್ಕದ ರಾಮನಾಥಪುರದ ವಹ್ನಿ ಪುಷ್ಕರಿಣಿಯಲ್ಲಿ ಮೀನು ಹಿಡಿಯಬಾರದೆಂಬ ಕಟ್ಟಳೆ ಉಳಿದಿರುವುದರಿಂದಲೇ ಯಾತ್ರಿಕರು ಈಗಲೂ ಮೀನಿಗೆ ಪುರಿ ಹಾಕಿ ಸಂತೋಷಪಡುತ್ತಾರೆ.

ಆದರೆ ಕಟ್ಟಳೆ ತಡವಾದರೆ ಏನಾಗುತ್ತದೆಂದು ಹಂಪಿಯ ಚರಿತ್ರೆ ಹೇಳುತ್ತದೆ. 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ ಹಂಪಿ, ಸಂರಕ್ಷಿತ ಪ್ರದೇಶದಲ್ಲಿ ತೂಗುಸೇತುವೆಗಳ ನಿರ್ಮಾಣ ನಡೆದದ್ದರಿಂದ 1999ರಲ್ಲಿ ಅಪಾಯದ ಪಟ್ಟಿಗೆ ಇಳಿಯಿತು. ಆಮೇಲೆ 2002ರಲ್ಲಿ ಪ್ರತ್ಯೇಕ ಪ್ರಾಧಿಕಾರದ ಕಾಯ್ದೆ ಬಂತು. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಪಾರಾಯಿತು. ಆದರೂ 2011ರಲ್ಲಿ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದವರನ್ನು ಎಬ್ಬಿಸಲಾಯಿತು. ಮೊದಲೇ ಯೋಜಿಸದ್ದಕ್ಕೆ ದಂಡ ತೆತ್ತವರು ಸ್ಥಳೀಯರೇ.

2023ರಲ್ಲಿ ನಮ್ಮ ಜಿಲ್ಲೆಯ ಬೇಲೂರು, ಹಳೇಬೀಡು ಕೂಡ ಆ ಪಟ್ಟಿ ಸೇರಿವೆ. ಅಲ್ಲಿಗೆ ಬಂದವರು ನಾಳೆ ನಮ್ಮ ಹೊಳೆಗೂ ಬಂದಾರು. ವಾಹನ ಎಲ್ಲಿ ನಿಲ್ಲಬೇಕು, ಚರಂಡಿ ನೀರು ಎಲ್ಲಿಗೆ ಹೋಗಬೇಕು, ದಡದಿಂದ ಎಷ್ಟು ದೂರದಲ್ಲಿ ಕಟ್ಟಡ ಏಳಬೇಕು ಎಂಬುದನ್ನು ಗ್ರಾಮಸಭೆಯಲ್ಲಿ ಇಂದೇ ತೀರ್ಮಾನಿಸೋಣ. ಈ ಶಾಲೆಯ ಮುಂದಿನ ಮಕ್ಕಳೂ ಇದೇ ಹೊಳೆಯಲ್ಲಿ ಈಜು ಕಲಿಯಲಿ.