ತಾಂಬರಂ ಬಿಸಿಲು, ಮದರಾಸಿನ ಮಾತ್ರೆ

ಚೆನ್ನೈನ ಲೋಕಲ್ ರೈಲು ಕ್ರೋಂಪೇಟೆ ದಾಟಿದ ಮೇಲೆ ‘ತಾಂಬರಂ ಸ್ಯಾನಟೋರಿಯಂ’ ಎಂಬ ನಿಲ್ದಾಣದಲ್ಲಿ ನಿಲ್ಲುತ್ತದೆ. ಕ್ಷಯಕ್ಕೆ ಗಾಳಿ ಬಿಸಿಲುಗಳೇ ಮದ್ದಾಗಿದ್ದ ಕಾಲದ ಹೆಸರು ಅದು. 1928ರಲ್ಲಿ ಡಾ. ಚೌರಿ ಮುತ್ತು ಇಲ್ಲಿ ಆರೋಗ್ಯಧಾಮ ತೆರೆದರು. ಅದಕ್ಕೂ ಮೊದಲು ಅವರು ಇಂಗ್ಲೆಂಡಿನ ಮೆಂಡಿಪ್ ಬೆಟ್ಟಗಳಲ್ಲಿ ಇಂಥದ್ದೇ ಧಾಮ ನಡೆಸುತ್ತಿದ್ದರು. ಗಣಿತಜ್ಞ ರಾಮಾನುಜನ್ ಅಲ್ಲಿ ಕೆಲಕಾಲ ಅವರ ರೋಗಿಯಾಗಿದ್ದರು. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಟೋರಿಯಂ ಎದ್ದದ್ದೂ ಅದೇ ಕಾಲದ ನಂಬಿಕೆಯ ಮೇಲೆ.

ಆ ನಂಬಿಕೆ ಬರಿಯ ಊಹೆಯಾಗಿರಲಿಲ್ಲ. ಚರ್ಮದ ಕ್ಷಯವನ್ನು ಬೆಳಕಿನಿಂದ ಗುಣಪಡಿಸಿದ ಡೆನ್ಮಾರ್ಕಿನ ಫಿನ್ಸೆನ್‌ಗೆ 1903ರಲ್ಲಿ ನೊಬೆಲ್ ಸಿಕ್ಕಿತ್ತು. ಯುರೋಪಿನ ವೈದ್ಯರು ಕ್ಷಯರೋಗಿಗಳಿಗೆ ಕಾಡ್ ಮೀನಿನ ಎಣ್ಣೆಯನ್ನೂ ಕುಡಿಸುತ್ತಿದ್ದರು. 1922ರಲ್ಲಿ ಅಮೆರಿಕದ ಮೆಕಾಲಮ್ ಆ ಎಣ್ಣೆಯಲ್ಲಿ ಮಕ್ಕಳ ಮೂಳೆ ಸೊಟ್ಟಗಾಗುವ ರಿಕೆಟ್ಸ್ ರೋಗವನ್ನು ವಾಸಿಮಾಡುವ ಅಂಶವಿದೆ ಎಂದು ತೋರಿಸಿದರು. ಅದೇ ವಿಟಮಿನ್ ಡಿ. ಬಿಸಿಲು ಬಿದ್ದರೆ ನಮ್ಮ ಚರ್ಮವೂ ಅದನ್ನು ತಯಾರಿಸುತ್ತದೆ. ಕರುಳು ಕ್ಯಾಲ್ಸಿಯಂ ಹೀರಿಕೊಳ್ಳಲು ಅದು ಬೇಕೇ ಬೇಕು. ಅದಿಲ್ಲದೆ ಮಕ್ಕಳ ಕಾಲು ಬಾಗುತ್ತದೆ, ದೊಡ್ಡವರ ಮೂಳೆ ಮೆತ್ತಗಾಗುತ್ತದೆ.

ಮೂಳೆಯ ಮಾತು ಸರಿ. ಶ್ವಾಸಕೋಶದ ಕ್ಷಯಕ್ಕೆ ಬಿಸಿಲು, ವಿಶ್ರಾಂತಿ, ಪುಷ್ಟಿಯ ಊಟ ಎಷ್ಟು ಮುಖ್ಯ? ಉತ್ತರ ಬಂದದ್ದು ಮದರಾಸಿನಿಂದಲೇ. 1956ರಲ್ಲಿ ಅಲ್ಲಿ ಶುರುವಾದ ಕ್ಷಯ ಚಿಕಿತ್ಸಾ ಕೇಂದ್ರ ನಗರದ 193 ಬಡ ರೋಗಿಗಳನ್ನು ಎರಡು ಗುಂಪು ಮಾಡಿತು. ಒಂದು ಗುಂಪು ಸ್ಯಾನಟೋರಿಯಂಗೆ, ಇನ್ನೊಂದು ಮನೆಗೆ. ಇಬ್ಬರಿಗೂ ವರ್ಷವಿಡೀ ಒಂದೇ ಔಷಧ: ಐಸೊನಯಾಜಿಡ್ ಮತ್ತು ಪಿಎಎಸ್. ಮನೆಯವರಿಗೆ ಇಕ್ಕಟ್ಟಾದ ಕೋಣೆ, ಕಡಿಮೆ ಊಟ, ಕಡಿಮೆ ವಿಶ್ರಾಂತಿ. ಆದರೂ 1959ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡೂ ಗುಂಪು ಹೆಚ್ಚುಕಡಿಮೆ ಸಮವಾಗಿ ಗುಣವಾಗಿದ್ದವು. ಮನೆಮಂದಿಗೆ ಸೋಂಕಿನ ಅಪಾಯವೂ ಹೆಚ್ಚಾಗಿರಲಿಲ್ಲ.

ಹಾಸಿಗೆ ಸಿಗದೆ ಸರದಿಯಲ್ಲಿ ಕಾಯುತ್ತಿದ್ದವರಿಗೆ, ಕೂಲಿ ಬಿಟ್ಟು ವರ್ಷಗಟ್ಟಲೆ ಮಲಗಲಾಗದವರಿಗೆ ಇದು ಜೀವ ಉಳಿಸಿದ ಸುದ್ದಿ. ಲೋಕದ ಎಷ್ಟೋ ಸ್ಯಾನಟೋರಿಯಂಗಳು ಮುಚ್ಚಲು ಇದೂ ಕಾರಣವಾಯಿತು.

ಹಳೆಯ ಆಸೆ ಮಾತ್ರ ಅಷ್ಟಕ್ಕೆ ಸಾಯಲಿಲ್ಲ. ಕ್ಷಯದ ರೋಗಾಣುವನ್ನು ಕೊಲ್ಲಲು ನಮ್ಮ ರಕ್ಷಣಾ ಕೋಶಗಳಿಗೆ ವಿಟಮಿನ್ ಡಿ ನೆರವಾಗುತ್ತದೆ ಎಂದು 2006ರಲ್ಲಿ ಪ್ರಯೋಗಾಲಯದಲ್ಲಿ ಕಂಡುಬಂತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಕ್ಷಯದ ಮಾತ್ರೆಗಳ ಜೊತೆಗೆ ಅದನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟು ನೋಡಿದರು. 2015ರಲ್ಲಿ ಪ್ರಕಟವಾದ ಫಲಿತಾಂಶ: ಕಫದಿಂದ ರೋಗಾಣು ಬೇಗ ಹೋಗಲಿಲ್ಲ.

ವಿಟಮಿನ್ ಡಿ ಕೊರತೆ ಚೆನ್ನೈನಂಥ ಬಿಸಿಲೂರಿನಲ್ಲೂ ಉಂಟು. ಇಡೀ ಹಗಲು ಒಳಗೇ ದುಡಿಯುವವರ ಮೈಗೆ ಬಿಸಿಲು ತಾಗುವುದೆಲ್ಲಿ? ಮೂಳೆಗಾಗಿ ಆ ಕೊರತೆಯನ್ನು ನೀಗಿಸಲೇಬೇಕು. ಕ್ಷಯ ಹಿಡಿದವರು ಮಾತ್ರ ಬಿಸಿಲನ್ನು ನಂಬಿ ಮಾತ್ರೆ ಬಿಡುವಂತಿಲ್ಲ.