ಕಿತ್ತೂರಿನ ಪೆಟ್ಟಿಗೆ, ಡಲ್ಲಾಸಿನ ಬೆಳಕು

ಕಿತ್ತೂರು ಎಂದರೆ ನಮಗೆಲ್ಲ ಚೆನ್ನಮ್ಮನ ಕೋಟೆ. ದೂರಸಂಪರ್ಕದ ಕೆಲಸ ಮಾಡುವ ನನ್ನಂಥವರಿಗೆ ಇನ್ನೊಂದು ನೆನಪೂ ಉಂಟು. ಸಿ-ಡಾಟ್ ರೂಪಿಸಿದ 128 ಲೈನಿನ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಕೆಲಸ ಆರಂಭಿಸಿದ್ದು ಅಲ್ಲಿಯೇ. ಎ.ಸಿ. ಬೇಡದೆ, ನಮ್ಮ ಧೂಳು ಸೆಕೆಗಳಲ್ಲಿ ನಡೆಯುವ ಪೆಟ್ಟಿಗೆ ಅದು. ವಿದೇಶಿ ಕಂಪನಿಗಳ ದುಬಾರಿ ಯಂತ್ರಗಳ ಹಂಗು ಬೇಡವೆಂಬ ಹಟ ಅದರ ಹಿಂದಿತ್ತು.

ಅಂಥದೇ ಹಟವನ್ನು ನಾನು ಮತ್ತೆ ಕಂಡದ್ದು ಟೆಕ್ಸಾಸಿನಲ್ಲಿ. 2013ರಲ್ಲಿ ಗೂಗಲ್ ಫೈಬರ್ ಆಸ್ಟಿನ್‌ಗೆ ಬರುವುದಾಗಿ ಸಾರಿತು. ಡಲ್ಲಾಸ್‌ನ ಎಟಿ ಅಂಡ್ ಟಿ ಅದೇ ಡಿಸೆಂಬರಿನಲ್ಲಿ ಆಸ್ಟಿನ್‌ನಲ್ಲೇ ತನ್ನ ಫೈಬರ್ ಸೇವೆ ಆರಂಭಿಸಿತು. ಮುಂದೆ ಅದು ಡಲ್ಲಾಸ್, ಹ್ಯೂಸ್ಟನ್‌ಗಳಿಗೂ ಹಬ್ಬಿತು. ಬೀದಿಬೀದಿಯ ಮನೆಗಳ ಗಾಜಿನ ಎಳೆಗಳು ಎಕ್ಸ್‌ಚೇಂಜಿನಲ್ಲಿ ಬಂದು ಸೇರುವುದು ಓಎಲ್‌ಟಿ ಎಂಬ ಪೆಟ್ಟಿಗೆಗೆ. ಅದರ ಯಂತ್ರಭಾಗ, ತಂತ್ರಾಂಶ ಎರಡೂ ಒಬ್ಬನೇ ತಯಾರಕನ ಕೈಯಲ್ಲಿದ್ದವು. ಸಣ್ಣ ಬದಲಾವಣೆಗೂ ಅವನ ಬಾಗಿಲಲ್ಲೇ ನಿಲ್ಲಬೇಕು.

2015ರಲ್ಲಿ ಎಟಿ ಅಂಡ್ ಟಿ ಮತ್ತು ಆನ್.ಲ್ಯಾಬ್ ಸೇರಿ 'ಕಾರ್ಡ್' ಎಂಬ ಪ್ರಯೋಗ ತೋರಿಸಿದವು. ಬೆಳಕನ್ನು ಕಳಿಸಿ ಪಡೆಯುವ ಭಾಗ ಮಾತ್ರ ಸರಳ ಯಂತ್ರವಾಗಿ ಉಳಿಯಿತು. ಯಾವ ಮನೆಗೆ ಎಷ್ಟು ವೇಗ, ಯಾರ ದತ್ತಾಂಶ ಯಾವ ದಾರಿ ಎಂಬ ನಿರ್ಧಾರಗಳೆಲ್ಲ ಸಾಮಾನ್ಯ ಸರ್ವರ್‌ಗಳ ಮೇಲಿನ ತಂತ್ರಾಂಶಕ್ಕೆ ಹೋದವು. 2020ರೊಳಗೆ ಜಾಲದ ಶೇ. 75ರಷ್ಟನ್ನು ಹೀಗೆ ತಂತ್ರಾಂಶದ ಹಿಡಿತಕ್ಕೆ ತರುವುದು ಆ ಸಂಸ್ಥೆಯ ಗುರಿಯಾಗಿತ್ತು. ಪೆಟ್ಟಿಗೆ ಬಿಚ್ಚಿ ಕಾರ್ಡು ಬದಲಿಸುವುದನ್ನೇ ವಿದ್ಯೆಯೆಂದು ನಂಬಿದ್ದ ನಾನು, ನಡುವಯಸ್ಸಿನಲ್ಲಿ ಮತ್ತೆ ಪಾಟಿ ಹಿಡಿದು ಕೋಡ್ ಕಲಿತೆ.

ಆಮೇಲೆ ಬಂತು 2021ರ ಫೆಬ್ರವರಿಯ ಹಿಮಗಾಳಿ. ಟೆಕ್ಸಾಸಿನ ಲಕ್ಷಾಂತರ ಮನೆಗಳಂತೆ ನಮ್ಮದೂ ಕತ್ತಲಾಯಿತು. ಗೋಡೆಯ ಮೇಲಿನ ಫೈಬರ್ ಡಬ್ಬಿಯೂ ಕಣ್ಣು ಮುಚ್ಚಿತು. ಕಾರಿನಲ್ಲಿ ಚಾರ್ಜ್ ಮಾಡಿದ ಮೊಬೈಲಿನಿಂದ ಧಾರವಾಡಕ್ಕೆ ಕರೆ ಮಾಡಿದಾಗ ಅವ್ವ ಕೇಳಿದಳು: "ಕರೆಂಟ್ ಹೋದ್ರೂ ನಮ್ಮನಿ ಹಳೇ ಫೋನ್ ನಡೀತಿತ್ತಲ್ಲೋ, ನಿಮ್ಮ ಅಮೆರಿಕಾದಾಗ ಯಾಕ ನಡಿಯಂಗಿಲ್ಲ?"

ಅವಳ ಮಾತು ನಿಜ. ತಾಮ್ರದ ತಂತಿ ದನಿಯ ಜೊತೆಗೆ ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯ ವಿದ್ಯುತ್ತನ್ನೂ ತರುತ್ತಿತ್ತು. ಗಾಜಿನ ಎಳೆ ತರುವುದು ಬೆಳಕನ್ನಷ್ಟೇ. ಇದು ತಂತ್ರಾಂಶದ ತಪ್ಪಲ್ಲ. ಆದರೆ ಪೆಟ್ಟಿಗೆಯ ಬುದ್ಧಿ ಸರ್ವರಿಗೆ ಹೋದದ್ದನ್ನು ಸಂಭ್ರಮದಿಂದ ಬರೆದಿಟ್ಟ ನಾವು, ಬ್ಯಾಟರಿಯ ಹೊಣೆ ಸದ್ದಿಲ್ಲದೆ ಮನೆಯವರ ಹೆಗಲಿಗೆ ಬಂದದ್ದನ್ನು ಬರೆದಿಡಲಿಲ್ಲ. ಆ ವಾರ ಕಳೆದ ಮೇಲೆ ನಾನು ಮಾಡಿದ ಮೊದಲ ಕೆಲಸ, ಆ ಡಬ್ಬಿಗೊಂದು ಬ್ಯಾಟರಿ ತಂದದ್ದು.