ಒಂದು ಸಂದೇಶಕ್ಕೆ ಒಂದು ರೂಪಾಯಿ ಏಕೆ?



ಮೊಬೈಲ್ ಫೋನಿನಿಂದ ಕಳುಹಿಸುವ ಒಂದೊಂದು ಎಸ್‌ಎಂಎಸ್‌ಗೂ ಒಂದು ರೂಪಾಯಿ ತೆರಬೇಕಾಗಿದ್ದ ಕಾಲವಿತ್ತು ಎಂದರೆ ನಿಮಗೆ ನಗು ಬಂದೀತು. ಮನೆಯಲ್ಲಿ ಹಿರಿಯರನ್ನು ಕೇಳಿ ನೋಡಿ. ಹೊರ ರಾಜ್ಯಕ್ಕಾದರೆ ಅನೇಕ ಯೋಜನೆಗಳಲ್ಲಿ ಒಂದೂವರೆ ರೂಪಾಯಿ. ಜನ ಗೊಣಗುತ್ತಲೇ ಕೊಟ್ಟರು. ಆ ಗೊಣಗಾಟಕ್ಕೂ ಒಂದು ಇತಿಹಾಸವಿದೆ. ಅದನ್ನು ತಿಳಿಯಲು ಸ್ವಲ್ಪ ವಿಜ್ಞಾನವೂ ಸ್ವಲ್ಪ ಅಂಕಗಣಿತವೂ ಬೇಕು.

ಮೊದಲು ವಿಜ್ಞಾನ. ನಿಮ್ಮ ಫೋನು ಸುಮ್ಮನೆ ಜೇಬಿನಲ್ಲಿರುವಾಗಲೂ ಗೋಪುರದೊಡನೆ ಆಗಾಗ ಮಾತನಾಡುತ್ತಿರುತ್ತದೆ: 'ನಾನು ಇಲ್ಲಿದ್ದೇನೆ', 'ನಿನಗೊಂದು ಕರೆ ಬರುತ್ತಿದೆ' ಎಂಬಂಥ ಸಂಕೇತಗಳು. ಇವುಗಳಿಗಾಗಿ ಬೇರೆಯೇ ಒಂದು ಕಿರಿದಾದ ಹಾದಿ ಇದೆ. ಯೂರೋಪಿನ ಎಂಜಿನಿಯರುಗಳು ಈ ಹಾದಿ ಬಹಳ ಹೊತ್ತು ಖಾಲಿಯಿರುವುದನ್ನು ಕಂಡು, ಅದರಲ್ಲೇ ಚಿಕ್ಕ ಸಂದೇಶಗಳನ್ನು ಸಾಗಿಸಬಹುದೆಂದು ಯೋಚಿಸಿದರು. 1985ರಲ್ಲಿ ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ಎಂಬುವರು ಟೈಪ್‌ರೈಟರಿನ ಮುಂದೆ ಕುಳಿತು ಸಾಮಾನ್ಯ ವಾಕ್ಯಗಳನ್ನು ಬರೆದು ಎಣಿಸಿದರು. ಬಹುಪಾಲು ಮಾತುಗಳಿಗೆ 160 ಅಕ್ಷರ ಸಾಕು ಎಂದು ಅವರಿಗೆ ತೋರಿತು. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ನೀಲ್ ಪ್ಯಾಪ್‌ವರ್ತ್ ಮೊದಲ ಸಂದೇಶ ಕಳುಹಿಸಿದರು. ಅದರಲ್ಲಿದ್ದದ್ದು ಕ್ರಿಸ್‌ಮಸ್ ಶುಭಾಶಯ.

ಹೊಸ ತಂತಿ ಎಳೆಯಲಿಲ್ಲ, ಹೊಸ ಗೋಪುರ ನಿಲ್ಲಿಸಲಿಲ್ಲ. ಸಂದೇಶ ಹಿಡಿದಿಟ್ಟು ದಾಟಿಸುವ ಕಂಪ್ಯೂಟರು ಬೇಕು, ಲೆಕ್ಕ ಬರೆಯುವ ವ್ಯವಸ್ಥೆ ಬೇಕು, ಅಷ್ಟೆ. ಹಳೆಯ ಟೆಲಿಗ್ರಾಂನಲ್ಲೂ ಪದ ಎಣಿಸಿ ಹಣ ಪಡೆಯುತ್ತಿದ್ದರು, ನಿಜ. ಆದರೆ ಅಲ್ಲಿ ಕಟ್ಟೆಯ ಮೇಲೆ ಕುಟ್ಟುವವರೊಬ್ಬರು, ಸೈಕಲ್ಲಿನಲ್ಲಿ ಮನೆಗೆ ತಂದುಕೊಡುವವರೊಬ್ಬರು ಇದ್ದರು. ಇಲ್ಲಿ ಯಾರಿದ್ದಾರೆ?

ಈಗ ಅಂಕಗಣಿತ. ಒಂದು ಎಸ್‌ಎಂಎಸ್‌ನ ಗಾತ್ರ ಹೆಚ್ಚೆಂದರೆ 140 ಬೈಟ್. ಒಂದು ಮೆಗಾಬೈಟ್ ತುಂಬಲು ಸುಮಾರು 7,490 ಸಂದೇಶಗಳು ಬೇಕು, ಅಂದರೆ 7,490 ರೂಪಾಯಿ. ಅದೇ ಫೋನಿನಲ್ಲಿ, ಅದೇ ಕಂಪನಿಯ ಗೋಪುರದಿಂದ ಇಂಟರ್‌ನೆಟ್ ಬಳಸಿದರೆ 2012ರ ಸುಮಾರಿಗೆ ಸಾಮಾನ್ಯ ದರ 10 ಕಿಲೋಬೈಟಿಗೆ 10 ಪೈಸೆ. ಅಂದರೆ ಮೆಗಾಬೈಟಿಗೆ ಸುಮಾರು ಹತ್ತು ರೂಪಾಯಿ ಕಾಲು. ಸರಕು ಒಂದೇ, ಬೆಲೆಯ ಅಂತರ ಏಳುನೂರು ಪಟ್ಟಿಗೂ ಮೇಲೆ! ಹಾಗೆಂದು ಇಂಟರ್‌ನೆಟ್ ಅಗ್ಗವಾಗಿತ್ತೆಂದು ತಿಳಿಯಬೇಡಿ. ಆ ದರದಲ್ಲಿ ಒಂದು ಗಿಗಾಬೈಟಿಗೆ ಹತ್ತು ಸಾವಿರ ರೂಪಾಯಿ ದಾಟುತ್ತದೆ. '10 ಪೈಸೆ' ಎಂದು ಕೇಳಿದಾಗ ಯಾರಿಗೂ ಇದು ಹೊಳೆಯುತ್ತಿರಲಿಲ್ಲ. ಪ್ಯಾಕು ಹಾಕಿಸದೆ ಒಂದು ಚಿತ್ರ ತೆರೆದವರ ಬಾಕಿ ಹಣ ಕ್ಷಣದಲ್ಲಿ ಕರಗುತ್ತಿತ್ತು. ಅಳತೆಯ ಪಾತ್ರೆಯನ್ನು ಮಾರುವವನೇ ಆರಿಸಿಕೊಂಡರೆ ಹೀಗಾಗುತ್ತದೆ. (ದೂರದರ್ಶನದಲ್ಲಿ ನಾವೂ ಜಾಹೀರಾತಿನ ವೇಳೆಯನ್ನು ಹತ್ತು ಸೆಕೆಂಡಿನ ಲೆಕ್ಕದಲ್ಲೇ ಮಾರುತ್ತೇವೆ. ಆದರೆ ಕೊಳ್ಳುವವರು ಕೈಯಲ್ಲಿ ಗಡಿಯಾರ ಹಿಡಿದೇ ಬರುತ್ತಾರೆ.)

ಕನ್ನಡಿಗರಿಗೆ ಇನ್ನೊಂದು ಪೆಟ್ಟು ಬಿತ್ತು. 160 ಎಂಬ ಲೆಕ್ಕ ಇಂಗ್ಲಿಷ್ ಅಕ್ಷರಗಳದ್ದು, ಅಲ್ಲಿ ಒಂದು ಅಕ್ಷರಕ್ಕೆ 7 ಬಿಟ್. ಕನ್ನಡ ಲಿಪಿಗೆ ಬಳಸುವ ಸಂಕೇತ ಪದ್ಧತಿಯಲ್ಲಿ ಒಂದೊಂದಕ್ಕೆ 16 ಬಿಟ್. ಆದ್ದರಿಂದ 140 ಬೈಟಿನಲ್ಲಿ ಹಿಡಿಯುವುದು 70 ಮಾತ್ರ. ಅದೂ ನಾವು ಎಣಿಸುವ ಅಕ್ಷರಗಳಲ್ಲ. 'ಸ್ತ್ರೀ' ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ, ಯಂತ್ರಕ್ಕೆ ಸಕಾರ, ತಕಾರ, ರೇಫ, ನಡುವಿನ ಎರಡು ವಿರಾಮ, ಕೊನೆಯ ಈಕಾರ ಸೇರಿ ಆರು. 71ನೆಯದು ಬಂದೊಡನೆ ಎರಡನೆಯ ಸಂದೇಶ, ಎರಡನೆಯ ಶುಲ್ಕ. 'ಊಟ ಆಯ್ತಾ' ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಅಭ್ಯಾಸಕ್ಕೆ ಹಳೆಯ ಫೋನುಗಳಲ್ಲಿ ಕನ್ನಡ ಮೂಡದಿದ್ದುದು ಮುಖ್ಯ ಕಾರಣ. ಮೂಡಿದ ಮೇಲೂ ಕೈ ಹಿಂಜರಿದಿದ್ದರೆ ಈ ಶುಲ್ಕದ್ದೂ ಒಂದು ಪಾಲಿರಬೇಕೆಂದು ನನ್ನ ಊಹೆ.

ಈ ಅಸಮಾಧಾನ ನಮ್ಮದು ಮಾತ್ರವಲ್ಲ. ಅಮೆರಿಕದಲ್ಲಿ ಕಳುಹಿಸಿದವರಿಗೂ ಶುಲ್ಕ, ಪಡೆದವರಿಗೂ ಶುಲ್ಕ. ಅಲ್ಲಿನ ನಾಲ್ಕು ದೊಡ್ಡ ಕಂಪನಿಗಳ ದರ 2005ರಲ್ಲಿ ಸಂದೇಶಕ್ಕೆ 10 ಸೆಂಟ್ ಇದ್ದದ್ದು 2008ಕ್ಕೆ 20 ಸೆಂಟ್ ಆಯಿತು. ಏಕೆ ಎಂದು ಸೆನೆಟ್ ಸದಸ್ಯ ಹರ್ಬ್ ಕೋಲ್ 2008ರ ಸೆಪ್ಟೆಂಬರಿನಲ್ಲಿ ನಾಲ್ವರಿಗೂ ಪತ್ರ ಬರೆದು ಕೇಳಿದರು. ಮರುವರ್ಷದ ವಿಚಾರಣೆಯಲ್ಲಿ ಪ್ರೊಫೆಸರ್ ಶ್ರೀನಿವಾಸನ್ ಕೇಶವ್ ಅವರು ಒಂದು ಸಂದೇಶದ ನಿಜವಾದ ಖರ್ಚು ಒಂದು ಸೆಂಟಿನ ಹತ್ತರಲ್ಲಿ ಮೂರು ಭಾಗ ಮೀರಲಾರದೆಂದು ಲೆಕ್ಕ ಕೊಟ್ಟರು. ಗ್ರಾಹಕರು ನ್ಯಾಯಾಲಯಕ್ಕೂ ಹೋದರು. 2015ರಲ್ಲಿ ಚಿಕಾಗೋದ ಮೇಲ್ಮನವಿ ನ್ಯಾಯಾಲಯ ಅವರ ವಿರುದ್ಧ ತೀರ್ಪಿತ್ತಿತು: ಕಂಪನಿಗಳು ಒಪ್ಪಂದ ಮಾಡಿಕೊಂಡದ್ದಕ್ಕೆ ಪುರಾವೆಯಿಲ್ಲ, ಒಬ್ಬರನ್ನು ನೋಡಿ ಇನ್ನೊಬ್ಬರು ದರ ಏರಿಸುವುದು ಅಪರಾಧವಲ್ಲ. ಕಾನೂನು ಓದುವವರು ಈ ಮೊಕದ್ದಮೆಯನ್ನು ಅವಶ್ಯ ನೋಡಬೇಕು.

ನಮ್ಮಲ್ಲಿ ಮೊಬೈಲ್ ಮೊದಲಿನಿಂದಲೂ ದುಬಾರಿಯೇ. 1995ರ ಜುಲೈ 31ರಂದು ಜ್ಯೋತಿ ಬಸು ಕಲ್ಕತ್ತೆಯಿಂದ ದೆಹಲಿಯ ಸುಖ್ ರಾಮ್ ಅವರಿಗೆ ಮೊದಲ ಕರೆ ಮಾಡಿದಾಗ ನಿಮಿಷದ ಗರಿಷ್ಠ ದರ 16 ರೂಪಾಯಿ 80 ಪೈಸೆ. ಬಂದ ಕರೆಗೂ ಹಣ. ಆ ಪದ್ಧತಿ ನಿಂತದ್ದು 2003ರಲ್ಲಿ. ಎಸ್‌ಎಂಎಸ್ ವಿಷಯದಲ್ಲಿ ಜನರನ್ನು ಹೆಚ್ಚು ಕೆರಳಿಸಿದ್ದು ಹಬ್ಬದ ದಿನಗಳು. ತಿಂಗಳಿಗೆಂದು ರಿಯಾಯಿತಿ ಪ್ಯಾಕು ಹಾಕಿಸಿದ್ದರೂ ದೀಪಾವಳಿ, ಹೊಸ ವರ್ಷದಂದು ಅದು ನಡೆಯುತ್ತಿರಲಿಲ್ಲ. ಶುಭಾಶಯ ಹೇಳಬೇಕಾದ ದಿನವೇ ಪೂರ್ತಿ ದರ! 2013ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಒಂದು ಕಂಪನಿಯ ಸಂದೇಶವನ್ನು ಇನ್ನೊಂದು ತನ್ನ ಗ್ರಾಹಕನಿಗೆ ಮುಟ್ಟಿಸುವ ಶುಲ್ಕವನ್ನು ನಿಗದಿ ಮಾಡಿತು. ಎಷ್ಟು ಗೊತ್ತೆ? ಎರಡು ಪೈಸೆ.

ಅಷ್ಟರಲ್ಲಿ ವಾಟ್ಸ್‌ಆಪ್ ಬಂದು ಎಸ್‌ಎಂಎಸ್ ಮೂಲೆಗೆ ಸರಿದಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಡೇಟಾ ದರವೂ ಕುಸಿಯಿತು. ಸ್ಪರ್ಧೆಯಿಂದ ಬೆಲೆ ಇಳಿದದ್ದು ನಿಜ, ಅದನ್ನು ಒಪ್ಪಲೇಬೇಕು. ಆದರೆ ಅಳತೆಯ ಆಟ ಬೇರೆ ರೂಪ ತಾಳಿತು: 'ತಿಂಗಳ' ಪ್ಯಾಕಿಗೆ 28 ದಿನ. 28ನ್ನು 13ರಿಂದ ಗುಣಿಸಿದರೆ 364. ಹನ್ನೆರಡು ತಿಂಗಳ ವರ್ಷಕ್ಕೆ ಹದಿಮೂರು ರೀಚಾರ್ಜ್. ದೂರುಗಳು ಬಂದ ಮೇಲೆ 2022ರ ಜನವರಿಯಲ್ಲಿ ಟ್ರಾಯ್, 30 ದಿನದ ಪ್ಯಾಕುಗಳನ್ನೂ ಪ್ರತಿ ತಿಂಗಳು ಒಂದೇ ತಾರೀಖಿಗೆ ನವೀಕರಿಸುವ ಪ್ಯಾಕುಗಳನ್ನೂ ಇಡಲೇಬೇಕೆಂದು ಆದೇಶಿಸಿತು. 28ರದ್ದನ್ನು ನಿಲ್ಲಿಸಿ ಎಂದು ಹೇಳಲಿಲ್ಲ.

2024ರ ಡಿಸೆಂಬರಿನಲ್ಲಿ ಇನ್ನೊಂದು ಆದೇಶ ಬಂತು. ಡೇಟಾ ಬೇಡದವರಿಗೆ, ಬರೀ ಕರೆ ಮತ್ತು ಎಸ್‌ಎಂಎಸ್ ಸಾಕೆನ್ನುವ ಅಜ್ಜ ಅಜ್ಜಿಯರಂಥವರಿಗೆ, ಪ್ರತ್ಯೇಕ ಪ್ಯಾಕು ಇರಬೇಕೆಂದು. ಮರುತಿಂಗಳೇ ಪ್ಯಾಕುಗಳು ಬಂದವು. ಡೇಟಾ ತೆಗೆದರೂ ಬೆಲೆ ತಕ್ಕಷ್ಟು ಇಳಿದಿಲ್ಲವೆಂದು ಟೀಕೆ ಎದ್ದಿತು. ಕಂಪನಿಗಳು ದರವನ್ನು ಮತ್ತೆ ತಿದ್ದಿದವು. 365 ದಿನಕ್ಕೆ 1,958 ರೂಪಾಯಿ ಎಂದಿದ್ದ ಜಿಯೋ ಪ್ಯಾಕಿನ ಜಾಗದಲ್ಲಿ 1,748 ರೂಪಾಯಿಯದು ಬಂದಿತು. ಅದರ ಅವಧಿ 336 ದಿನ. ಆ ಸಂಖ್ಯೆಯನ್ನು 28ರಿಂದ ಭಾಗಿಸಿ ನೋಡಿ.